ನಾಗಾ ಥ್ರಸ್ಟ್ ದಾಟುವ ಸೆಕ್ಷನ್: ಬರೈಲ್ ಎರಡು ಸಲ ಬಂದರೆ ಬೇಸಿನ್ ಮಾಡೆಲ್ ಕಟ್ಟೋದು ಹೇಗೆ?

ಕೊಪಿಲಿ_ದಂಡೆ

ಮೇಲಿನ ಅಸ್ಸಾಂನ ಬಯಲಿನಿಂದ ಹೊರಟು, ನಾಗಾ ಥ್ರಸ್ಟ್ (ಬಂಡೆಯ ಒಂದು ಹಾಳೆ ಇನ್ನೊಂದರ ಮೇಲೇರಿದ ಬಿರುಕು) ದಾಟಿ, ಬೆಲ್ಟ್ ಆಫ್ ಶುಪ್ಪೆನ್ (ಇಂಥ ಹಾಳೆಗಳು ಒಂದರ ಮೇಲೊಂದು ಪೇರಿದ ಪಟ್ಟಿ) ಒಳಹೊಕ್ಕು ಡಿಸಾಂಗ್ ಥ್ರಸ್ಟ್ ಹತ್ತಿರ ಮುಗಿಯುವ 58 ಕಿ.ಮೀ. ಉದ್ದದ 2ಡಿ ಸೆಕ್ಷನ್ (ನೆಲದ ಲಂಬ ಸೀಳುನೋಟ). ದಿಕ್ಕು ವಾಯವ್ಯ–ಆಗ್ನೇಯ. ಪದರಗಳು ಕೆಳಗಿನಿಂದ ಮೇಲಕ್ಕೆ: ಸಿಲ್ಹೆಟ್ ಸುಣ್ಣಕಲ್ಲು, ಕೊಪಿಲಿ ಶೇಲ್ (ಜೇಡಿಗಲ್ಲು), ಬರೈಲ್ (ಕಲ್ಲಿದ್ದಲು, ಶೇಲ್ ಇರುವ ಪದರ), ಟಿಪಾಮ್ ಮರಳುಗಲ್ಲು, ಗಿರುಜಾನ್ ಜೇಡಿ, ನಾಮ್‌ಸಾಂಗ್, ಅದರ ಮೇಲೆ ಮೆಕ್ಕಲು. ಪೆಟ್ರೋಮಾಡ್‌ನಲ್ಲಿ (ಪದರಗಳು ಹೂತು, ಬೆಂದು, ತೈಲ ಕೊಟ್ಟ ಇತಿಹಾಸ ಲೆಕ್ಕಹಾಕುವ ಬೇಸಿನ್ ಮಾಡೆಲ್ ಸಾಫ್ಟ್‌ವೇರ್) ಕಟ್ಟುತ್ತಿದ್ದೇನೆ. ಬಾವಿಯ ನಿಜವಾದ ಅಂಕಿ ಹಾಕುವಂತಿಲ್ಲ, ಹಾಗಾಗಿ ಕೆಳಗಿನವನ್ನು ಸ್ವಲ್ಪ ಬದಲಿಸಿದ್ದೇನೆ. ಸಮಸ್ಯೆ ಮಾತ್ರ ಇದ್ದ ಹಾಗೇ ಇದೆ.

ಬಾವಿ ಹ್ಯಾಂಗಿಂಗ್ ವಾಲ್‌ನಿಂದ (ಥ್ರಸ್ಟ್ ಮೇಲಿನ ಬದಿಯ ಬಂಡೆ) ಶುರುವಾಗಿ 2,900 ಮೀಟರಿನಲ್ಲಿ ಥ್ರಸ್ಟ್ ದಾಟುತ್ತದೆ. ಅಳೆದ ವಿಟ್ರಿನೈಟ್ ಪ್ರತಿಫಲನ (ಬಂಡೆ ಎಷ್ಟು ಬೆಂದಿದೆ ಎಂಬುದರ ಅಳತೆ; ಮುಂದೆ ಆರ್‌ಓ ಎನ್ನುತ್ತೇನೆ) 400 ಮೀಟರಿನಲ್ಲಿ 0.45%, 2,400 ಮೀಟರಿನಲ್ಲಿರುವ ಮೇಲಿನ ಬರೈಲ್‌ನಲ್ಲಿ 0.72%, ಥ್ರಸ್ಟ್ ಕೆಳಗೆ 4,300 ಮೀಟರಿನ ಬರೈಲ್‌ನಲ್ಲಿ 0.58%.

ಒಂದೇ ಲಂಬ ಗೆರೆಯಲ್ಲಿ ಅದೇ ಪದರ ಎರಡು ಸಲ ಬರುವುದನ್ನು ಮಾಡೆಲ್ ಒಪ್ಪುವುದಿಲ್ಲ. ಅದಕ್ಕೆ ಮೇಲಿನ ಹಾಳೆಯ ಪದರಗಳಿಗೆ ಬೇರೆ ಹೆಸರು ಕೊಟ್ಟು, 5 ದಶಲಕ್ಷ ವರ್ಷದ ಹಿಂದೆ ಹೊಸದಾಗಿ ಶೇಖರವಾದವು ಅಂತ ಸುಳ್ಳು ವಯಸ್ಸು ಕೊಟ್ಟೆ. ರನ್ ಆಯಿತು. ಆದರೆ ಮೇಲಿನ ಬರೈಲ್ 0.41% ತೋರಿಸುತ್ತಿದೆ, ಕೆಳಗಿನದು 0.85%. ಎರಡೂ ತಲೆಕೆಳಗು. ಹೀಟ್ ಫ್ಲೋ (ಭೂಮಿಯೊಳಗಿನಿಂದ ಮೇಲೆ ಬರುವ ಶಾಖ) 40ರಿಂದ 31 ಮಿಲಿವ್ಯಾಟ್/ಚ.ಮೀ.ಗೆ ಇಳಿಸಿದರೆ ಕೆಳಗಿನದು ಹತ್ತಿರ ಬರುತ್ತದೆ, ಮೇಲಿನದು ಇನ್ನೂ ಹಾಳಾಗುತ್ತದೆ.

ಇನ್ನೊಂದು ಗಂಟು ತೈಲದ ವಲಸೆಯಲ್ಲಿ, ಅಂದರೆ ಮೈಗ್ರೇಶನ್‌ನಲ್ಲಿ. ಫಾಲ್ಟ್‌ಗಳನ್ನೆಲ್ಲ (ಬಂಡೆ ಸರಿದ ಬಿರುಕು) ತೆರೆದಿಟ್ಟರೆ ತೈಲವೆಲ್ಲ ನೆಲದ ಮೇಲಕ್ಕೆ ಹೋಗಿಬಿಡುತ್ತದೆ, ಮುಚ್ಚಿದರೆ ಹ್ಯಾಂಗಿಂಗ್ ವಾಲ್‌ನ ಟಿಪಾಮ್ ಮಡಿಕೆಗೆ ಒಂದು ತೊಟ್ಟೂ ಬರುವುದಿಲ್ಲ. ಎಲ್ಲಿಂದ ಸರಿಪಡಿಸಲಿ?

ಓರೆಪದರ

ಹೀಟ್ ಫ್ಲೋ ಮುಟ್ಟಬೇಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತದೆ. 40ನ್ನು ವಾಪಸ್ ಇಡಿ, ತಪ್ಪಿರುವುದು ಜ್ಯಾಮಿತಿಯಲ್ಲಿ.

ಸುಳ್ಳು ವಯಸ್ಸಿನ ತಂತ್ರ ಫುಟ್‌ವಾಲ್‌ನ (ಥ್ರಸ್ಟ್ ಕೆಳಗಿನ ಬದಿ) ಒಂದು ಬಾವಿಗೆ ಮಾಡುವ 1ಡಿ ಅಂದಾಜಿಗೆ ಸಾಕು, ಅದಕ್ಕಿಂತ ಮುಂದೆ ಬರುವುದಿಲ್ಲ. ಹೊಸ ಶೇಖರ ಅಂದ ತಕ್ಷಣ ಆ ಹಾಳೆಯ ಪಕ್ವತೆ ಸೊನ್ನೆಯಿಂದ ಶುರುವಾಗುತ್ತದೆ. ಒಲಿಗೊಸೀನ್‌ನಿಂದ ಹೂತಿದ್ದ ಬರೈಲ್ ತನ್ನ ಹಳೆಯ ಬಿಸಿಯನ್ನೆಲ್ಲ ಮರೆತುಬಿಡುತ್ತದೆ, ನಿಮ್ಮ 0.41 ಅದರಿಂದಲೇ ಬಂದದ್ದು. ಸಾಲದ್ದಕ್ಕೆ ಮೇಲಿನ ಒಂದೆರಡು ಕಿ.ಮೀ. ಬಂಡೆಗೆ ಸಾಫ್ಟ್‌ವೇರ್ ಹೊಸ ಕೆಸರಿನ ರಂಧ್ರತೆ ಕೊಡುತ್ತದೆ. ನಿಜದಲ್ಲಿ ಅದು ಆಳದಲ್ಲಿ ಅದುಮಿಸಿಕೊಂಡು ಬಂದು, ತಲೆ ಸವೆದ ಬಿಗಿ ಬಂಡೆ. ರಂಧ್ರ ಹೆಚ್ಚಿದ್ದರೆ ಉಷ್ಣವಾಹಕತೆ ಕಡಿಮೆ, ಹಾಗಾಗಿ ಅದು ಕೆಳಗಿನದಕ್ಕೆ ಕಂಬಳಿ ಹೊದಿಸಿದ ಹಾಗೆ ಕೂರುತ್ತದೆ. 0.85ರಲ್ಲಿ ಒಂದು ಪಾಲು ಇದರದ್ದು.

ಮಾಡಬೇಕಾದದ್ದು ಪೇಲಿಯೋ-ಸ್ಟೆಪ್, ಅಂದರೆ ಹಿಂದಿನ ಒಂದೊಂದು ಕಾಲದ ಸೆಕ್ಷನ್ ಕಟ್ಟಿ ಕೊಡುವುದು. ಲಂಬವಾಗಿ ಪದರ ಕಳಚುತ್ತ ಹೋಗುವ ಬ್ಯಾಕ್‌ಸ್ಟ್ರಿಪ್ಪಿಂಗ್‌ಗೆ ಅಡ್ಡ ಚಲನೆ ಅರ್ಥವಾಗುವುದಿಲ್ಲ. ಮೊದಲು ಮೂವ್‌ನಂಥ ರಚನಾ ಸಾಫ್ಟ್‌ವೇರ್‌ನಲ್ಲಿ ಸೆಕ್ಷನ್ ಅನ್ನು ಹಿಂದಕ್ಕೆ ಬಿಡಿಸಿ, ಪ್ರತಿ ಹಂತದ ಜ್ಯಾಮಿತಿಯನ್ನು ಪೆಟ್ರೋಮಾಡ್‌ನ ಟೆಕ್‌ಲಿಂಕ್‌ಗೆ ಕೊಡಬೇಕು.

ಸೆಕ್ಷನ್ ಹಾಳೆಗಳು ಸರಿದ ದಿಕ್ಕಿನಲ್ಲೇ ಇರಬೇಕು. ನಿಮ್ಮದು ವಾಯವ್ಯ–ಆಗ್ನೇಯ, ಸರಿ ಇದೆ. ಹತ್ತಿಪ್ಪತ್ತು ಡಿಗ್ರಿ ಓರೆಯಾದರೆ ತೊಂದರೆಯಿಲ್ಲ, ಅದಕ್ಕಿಂತ ಹೆಚ್ಚಾದರೆ ಬಂಡೆ ಸೆಕ್ಷನ್ನಿನಿಂದ ಆಚೆ ಹೋಗುತ್ತದೆ, ಲೆಕ್ಕ ಕೂರುವುದಿಲ್ಲ. ಬಿಡಿಸುವ ಮೊದಲು ಪ್ರತಿ ಹಾಳೆಯಲ್ಲೂ ಕೊಪಿಲಿ, ಬರೈಲ್, ಟಿಪಾಮ್ ಮೇಲ್ಮೈಗಳ ಉದ್ದ ಅಳೆಯಿರಿ. ಒಂದೇ ಹಾಳೆಯಲ್ಲಿ ಬರೈಲ್ 14 ಕಿ.ಮೀ., ಟಿಪಾಮ್ 11 ಕಿ.ಮೀ. ಬಂದರೆ ವ್ಯಾಖ್ಯಾನವೇ ತಪ್ಪು ಅಥವಾ 3 ಕಿ.ಮೀ. ಟಿಪಾಮ್ ಸವೆದಿದೆ. ಯಾವುದೆಂದು ತೀರ್ಮಾನಿಸದೆ ಮುಂದೆ ಹೋಗಬೇಡಿ.

ಹ್ಯಾಂಗಿಂಗ್ ವಾಲ್ ಹಿಂದಕ್ಕೆ ಎಳೆಯಲು ಫಾಲ್ಟ್-ಪ್ಯಾರಲಲ್ ಫ್ಲೋ (ಫಾಲ್ಟ್‌ಗೆ ಸಮಾಂತರವಾಗಿ ಸರಿಸುವ ವಿಧಾನ) ಬಳಸಿ, ಮಡಿಕೆಗೆ ಫ್ಲೆಕ್ಸುರಲ್ ಸ್ಲಿಪ್ (ಪದರಗಳು ಒಂದರ ಮೇಲೊಂದು ಜಾರಿ ಮಡಿಯುವ ವಿಧಾನ). ವರ್ಟಿಕಲ್ ಸಿಂಪಲ್ ಶಿಯರ್ (ಲಂಬವಾಗಿ ಸರಿಸುವುದು) ಹಿಗ್ಗಿದ ಬೇಸಿನ್ನಿನ ನಾರ್ಮಲ್ ಫಾಲ್ಟ್‌ಗೆ ಇರುವುದು. ಥ್ರಸ್ಟ್‌ಗೆ ಅದನ್ನು ಹಚ್ಚಿದರೆ ಕ್ಷೇತ್ರಫಲ ಉಳಿಯುತ್ತದೆ, ಪದರದ ಉದ್ದ ಹಿಗ್ಗಿ ಕುಗ್ಗಿ ಹಾಳಾಗುತ್ತದೆ. ತುಂಬ ಜನ ಎಡವುವುದು ಇಲ್ಲೇ.

ಟೆಕ್‌ಲಿಂಕ್‌ನಲ್ಲಿ ಪ್ರತಿ ಥ್ರಸ್ಟ್ ಹಾಳೆಯೂ ಒಂದು ಬ್ಲಾಕ್. ಮಂಗಳೂರು ಹೆಂಚು ಒಂದರ ಮೇಲೊಂದು ಕೂತ ಹಾಗೆ ಯೋಚಿಸಿ. ಇಡೀ ಮಾಡಿನಲ್ಲಿ ಒಂದು ಜಾಗದಲ್ಲಿ ಎರಡು ಹೆಂಚು ಸಿಗುತ್ತವೆ, ಒಂದೊಂದು ಹೆಂಚಿನೊಳಗೆ ಮಾತ್ರ ಪ್ರತಿ ಪದರಕ್ಕೂ ಒಂದೇ ಆಳ. ಹಾಗಾಗಿ ಬರೈಲ್ ಎಲ್ಲ ಬ್ಲಾಕ್‌ನಲ್ಲೂ ಬರೈಲ್ ಎಂಬ ಹೆಸರು, ನಿಜವಾದ ವಯಸ್ಸು ಇಟ್ಟುಕೊಂಡೇ ಇರಬಹುದು. ಬ್ಲಾಕ್‌ನ ಸಂಖ್ಯೆ ಮೊದಲ ಹಂತದಿಂದ ಇಂದಿನ ತನಕ ಬದಲಾಗಬಾರದು. ಥ್ರಸ್ಟ್ ಹುಟ್ಟುವ ಮೊದಲಿನ ಸೆಕ್ಷನ್‌ನಲ್ಲೂ ಅದರ ಗೆರೆ ಎಳೆದಿರಬೇಕು, ಆಗ ಅದು ಸರಿಯದ, ಬರೀ ಬ್ಲಾಕ್ ಗಡಿ. ಇದನ್ನು ಮರೆತರೆ ಒಂದು ಹಂತದಿಂದ ಮುಂದಿನದಕ್ಕೆ ರಂಧ್ರತೆ, ಪಕ್ವತೆ ಯಾವ ಸೆಲ್‌ನಿಂದ ಯಾವ ಸೆಲ್‌ಗೆ ಹೋಗಬೇಕೆಂದು ಸಾಫ್ಟ್‌ವೇರ್‌ಗೆ ತಿಳಿಯುವುದಿಲ್ಲ.

ಒಟ್ಟು ಸರಿತ (ಹಾಳೆ ಸರಿದ ದೂರ) 8 ಕಿ.ಮೀ. ಇದ್ದರೆ ಅದನ್ನು ಎರಡೇ ಹಂತದಲ್ಲಿ ಮುಗಿಸಬೇಡಿ. ಒಂದು ಹಂತಕ್ಕೆ ಸುಮಾರು 1 ಕಿ.ಮೀ. ಸಾಕು.

ಬಿಸಿಬಾವಿ

ಓರೆಪದರ ಅವರು ಹೇಳಿದ್ದು ಸರಿ, ಆದರೆ 0.58 ಇರಬೇಕಾದದ್ದು 0.85 ಆಗಲು ಅಷ್ಟೇ ಸಾಲದು. ಅಲ್ಲಿ ಹೆಚ್ಚುಕಡಿಮೆ 30 ಡಿಗ್ರಿ ಎಲ್ಲಿಂದಲೋ ಹೆಚ್ಚುವರಿ ಬಂದಿದೆ. ಬರೈಲ್‌ಗೆ ಯಾವ ಲಿಥಾಲಜಿ (ಬಂಡೆಯ ಬಗೆ) ಕೊಟ್ಟಿದ್ದೀರಿ? ಪಟ್ಟಿಯಿಂದ "ಕಲ್ಲಿದ್ದಲು" ಆರಿಸಿದ್ದೀರಾ?

ಆರಿಸಿದ್ದರೆ ಕಳ್ಳ ಸಿಕ್ಕಿಬಿದ್ದ. ಕಲ್ಲಿದ್ದಲಿನ ಉಷ್ಣವಾಹಕತೆ 0.3 ವ್ಯಾಟ್/ಮೀ.ಕೆಲ್ವಿನ್ ಆಸುಪಾಸು. ಹೀಟ್ ಫ್ಲೋ 40 ಆದರೆ ಅದರೊಳಗೆ ಕಿ.ಮೀ.ಗೆ 133 ಡಿಗ್ರಿ ಏರುತ್ತದೆ. ಕಲ್ಲಿದ್ದಲು-ಶೇಲ್ ಘಟಕ 300 ಮೀಟರ್ ದಪ್ಪ ಅಂದುಕೊಂಡರೆ ಒಂದೇ ಪದರದಲ್ಲಿ 40 ಡಿಗ್ರಿ. ನಿಜದಲ್ಲಿ ಅದರಲ್ಲಿ ಕಲ್ಲಿದ್ದಲು 5% ಅನ್ನೋಣ, ಅಂದರೆ ಎಲ್ಲ ಸೀಮ್ ಸೇರಿ 15 ಮೀಟರ್. ಉಳಿದದ್ದು 1.7 ವಾಹಕತೆಯ ಶೇಲ್. ಪದರಕ್ಕೆ ಅಡ್ಡಲಾಗಿ ಹರಿಯುವ ಶಾಖಕ್ಕೆ ಹಾರ್ಮೋನಿಕ್ ಸರಾಸರಿ ತೆಗೆದುಕೊಳ್ಳಬೇಕು: 0.05/0.3 + 0.95/1.7 = 0.726, ತಿರುಗಿಸಿದರೆ 1.38. ಆಗ 300 ಮೀಟರಿಗೆ ಏರುವುದು 8.7 ಡಿಗ್ರಿ ಮಾತ್ರ. ವ್ಯತ್ಯಾಸ 31 ಡಿಗ್ರಿ. ಥ್ರಸ್ಟ್ ಇರುವ ಕಡೆ ಮೇಲೊಂದು ಬರೈಲ್ ಇದೆಯಲ್ಲ, ಅದರ ತಪ್ಪನ್ನು ಕೆಳಗಿನ ಬರೈಲ್ ತಲೆಯ ಮೇಲೆ ಹೊರುತ್ತದೆ. ಬಯಲಿನ ಕಡೆಯ ಬಾವಿಗಳಲ್ಲಿ ಬರೈಲ್ ಒಂದೇ ಸಲ ಬರುವುದರಿಂದ ಈ ದೋಷ ಕಣ್ಣಿಗೆ ಬೀಳುವುದಿಲ್ಲ.

ಈಗಿನ ತಾಪಮಾನವನ್ನು ಮೇಲಿನ 2,000 ಮೀಟರಿನ ಅಳತೆಗೆ ಮಾತ್ರ ಹೋಲಿಸಿದ್ದರೂ ಇದು ತಪ್ಪಿಸಿಕೊಳ್ಳುತ್ತದೆ. ಥ್ರಸ್ಟ್ ಕೆಳಗಿನ ಬಾಟಂ ಹೋಲ್ (ಬಾವಿಯ ತಳದ) ತಾಪಮಾನವನ್ನು ಹಾರ್ನರ್ ತಿದ್ದುಪಡಿ (ಕೊರೆತದ ದ್ರವ ತಣಿಸಿದ್ದನ್ನು ಸರಿಪಡಿಸುವ ಲೆಕ್ಕ) ಮಾಡಿ ಹಾಕಿ ನೋಡಿ. ನೆಲದ ಮೇಲೆ 24 ಡಿಗ್ರಿ, ಸರಾಸರಿ ವಾಹಕತೆ 2.1 ಹಿಡಿದರೆ ಕಿ.ಮೀ.ಗೆ 19 ಡಿಗ್ರಿ, 4,300 ಮೀಟರಿನಲ್ಲಿ 106. ಮೇಲಿನ ಅಸ್ಸಾಂ ತಣ್ಣನೆಯ ಬೇಸಿನ್, ಅಲ್ಲಿಗೆ ಈ ಅಂಕಿ ಹೊಂದುತ್ತದೆ.

ಇನ್ನು ನಿಮ್ಮ ಆರ್‌ಓ ಅಂಕಿಗಳು ಒಂದು ಒಳ್ಳೆಯ ಸುಳಿವು ಕೊಡುತ್ತಿವೆ. ಥ್ರಸ್ಟ್ ಮೇಲೆ ಹೆಚ್ಚು, ಕೆಳಗೆ ಕಡಿಮೆ. ಅಂದರೆ ಮೇಲಿನ ಹಾಳೆ ಸರಿಯುವ ಮೊದಲೇ ಬೆಂದಿತ್ತು. ಎರಡೂ ಒಟ್ಟಿಗೆ ಸರಿದ ಮೇಲೆ ಬೆಂದಿದ್ದರೆ ಆರ್‌ಓ ಗೆರೆ ಥ್ರಸ್ಟ್ ದಾಟುವಾಗ ಜಿಗಿಯದೆ ನೇರವಾಗಿ ಸಾಗುತ್ತಿತ್ತು. ಮಾಡೆಲ್ ಈ ಜಿಗಿತವನ್ನು ತೋರಿಸದಿದ್ದರೆ ಉಳಿದದ್ದೆಲ್ಲ ಹೊಂದಿದರೂ ನಂಬಬೇಡಿ.

ಸವೆತವನ್ನೂ ಅದರಿಂದಲೇ ತೆಗೆಯಬಹುದು. ಆರ್‌ಓವನ್ನು ಲಾಗ್ ಅಳತೆಯಲ್ಲಿ ಆಳದ ಎದುರು ಇಡಿ. 0.45ರಿಂದ 0.72ಕ್ಕೆ 2 ಕಿ.ಮೀ., ಅಂದರೆ ಕಿ.ಮೀ.ಗೆ ಲಾಗ್ 0.102. ಹಿಂದಿನ ನೆಲಮಟ್ಟದಲ್ಲಿ 0.22% ಇತ್ತೆಂದರೆ 400 ಮೀಟರಿನ ಬಿಂದುವಿನಿಂದ 3.05 ಕಿ.ಮೀ. ಮೇಲೆ ಹೋಗಬೇಕು. ಸವೆದದ್ದು ಸುಮಾರು 2.6 ಕಿ.ಮೀ. 0.25% ಹಿಡಿದರೆ 2.1. ಈ ಅರ್ಧ ಕಿ.ಮೀ. ಅನಿಶ್ಚಿತತೆಯನ್ನು ಎರಡು ರನ್ ಆಗಿಯೇ ಇಟ್ಟುಕೊಳ್ಳಿ, ಸರಾಸರಿ ಮಾಡಬೇಡಿ. ಅಪಟೈಟ್ ಫಿಷನ್ ಟ್ರ್ಯಾಕ್ (ಅಪಟೈಟ್ ಖನಿಜದೊಳಗಿನ ವಿದಳನ ಗೀರುಗಳ ಅಳತೆ) ಸಿಕ್ಕರೆ 60ರಿಂದ 120 ಡಿಗ್ರಿ ನಡುವೆ ಯಾವಾಗ ತಣಿಯಿತು ಎಂದು ಗೊತ್ತಾಗುತ್ತದೆ. ಆರ್‌ಓ ಹೇಳುವುದು ಎಷ್ಟು ಬಿಸಿಯಾಯಿತು ಅಂತ ಮಾತ್ರ, ಯಾವಾಗ ಅಂತ ಹೇಳುವುದಿಲ್ಲ.

ಟ್ರಾನ್ಸಿಯಂಟ್ ಹೀಟ್ (ಕಾಲದ ಜೊತೆ ಬದಲಾಗುವ ಶಾಖದ ಲೆಕ್ಕ) ಆನ್ ಮಾಡಿ, ಆದರೆ ಅದರಿಂದ ಪವಾಡ ನಿರೀಕ್ಷಿಸಬೇಡಿ. 4 ಕಿ.ಮೀ. ದಪ್ಪದ ಹಾಳೆಗೆ ಶಾಖ ಹರಡುವ ಕಾಲ, ದಪ್ಪದ ವರ್ಗವನ್ನು ಡಿಫ್ಯೂಸಿವಿಟಿಯಿಂದ (ಬಂಡೆಯಲ್ಲಿ ಶಾಖ ಹರಡುವ ದರ) ಭಾಗಿಸಿದರೆ, ಸುಮಾರು 5 ಲಕ್ಷ ವರ್ಷ. ಸರಿತ 3 ದಶಲಕ್ಷ ವರ್ಷ ನಡೆದಿದ್ದರೆ ತಾಪಮಾನ ಬಹುಪಾಲು ಜೊತೆಜೊತೆಗೇ ಹೊಂದಿಕೊಳ್ಳುತ್ತದೆ. ನೀವು ಇಡೀ ಹಾಳೆಯನ್ನು ಒಂದೇ ಹಂತದಲ್ಲಿ ತಂದು ಕೂರಿಸಿದರೆ ಮಾತ್ರ ಬಿಸಿ ತಳದ ಪಾತ್ರೆಯನ್ನು ತಣ್ಣನೆ ಕಡಪ ಕಲ್ಲಿನ ಮೇಲಿಟ್ಟ ಹಾಗೆ ಗರಗಸದ ಹಲ್ಲಿನಂಥ ಕರ್ವ್ ಬರುತ್ತದೆ. ಅದು ಪ್ರಕೃತಿಯದ್ದಲ್ಲ, ನೀವು ಹಂತ ಕಡಿಮೆ ಮಾಡಿದ್ದರ ಫಲ.

ಕುಂದಾಪ್ರ_ಕಲ್ಲು

ಇದನ್ನೆಲ್ಲ ಓದಿ ಬಾರ್ಮೇರ್ (ರಾಜಸ್ಥಾನ), ಕ್ಯಾಂಬೆ (ಗುಜರಾತ್) ಮಾಡೆಲ್ ಮಾಡುವವರು ಹೆದರುವುದು ಬೇಡ ಮಾರಾಯ್ರೆ. ಅವು ಹಿಗ್ಗಿದ ರಿಫ್ಟ್ ಬೇಸಿನ್. 60 ಡಿಗ್ರಿ ನಾರ್ಮಲ್ ಫಾಲ್ಟ್‌ನಲ್ಲಿ 500 ಮೀಟರ್ ಥ್ರೋ (ಲಂಬ ಸರಿತ) ಇದ್ದರೆ ಅಡ್ಡ ಸರಿತ 290 ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಗ್ರಿಡ್ ಸೆಲ್. ಅಷ್ಟಕ್ಕೆ ಪೇಲಿಯೋ-ಸ್ಟೆಪ್ ಮಾಡುತ್ತ ಕೂತರೆ ವರ್ಷ ಹೋಗುತ್ತದೆ. ಬಾರ್ಮೇರ್‌ನ ಮಂಗಳಾ ತೈಲಕ್ಷೇತ್ರದಂಥ ಓರೆ ಬ್ಲಾಕ್‌ಗೆ ಸಾದಾ ಬ್ಯಾಕ್‌ಸ್ಟ್ರಿಪ್ಪಿಂಗ್ ಸಾಕು. ಅಲ್ಲಿ ತಲೆನೋವು ಬೇರೆ, ಉತ್ತರದಲ್ಲಿ ಎದ್ದು ಸವೆದದ್ದೆಷ್ಟು ಅನ್ನೋದು.

ಈಗ ನಿಮ್ಮ ಮೈಗ್ರೇಶನ್ ಪ್ರಶ್ನೆ. ಫಾಲ್ಟ್‌ಗೆ ಕೊಟ್ಟ ಪರ್ಮಿಯಬಿಲಿಟಿ (ದ್ರವ ಹಾಯಲು ಬಿಡುವ ಗುಣ) ಯಾವ ಅಗಲಕ್ಕೆ ಹಚ್ಚಿಕೊಂಡಿದೆ ನೋಡಿದ್ದೀರಾ? ಡಾರ್ಸಿ ಲೆಕ್ಕದಲ್ಲಿ (ರಂಧ್ರಗಳ ಮೂಲಕ ದ್ರವ ಹರಿಯುವ ಲೆಕ್ಕ) ಫಾಲ್ಟ್ ಅನ್ನು ಸೆಲ್ ಆಗಿ ಇಟ್ಟಿದ್ದರೆ ನಿಮ್ಮ ಫಾಲ್ಟ್ 250 ಮೀಟರ್ ಅಗಲದ ಕೊಳವೆ ಅಥವಾ 250 ಮೀಟರ್ ದಪ್ಪದ ಗೋಡೆ. ನಿಜವಾದ ಫಾಲ್ಟ್ ಝೋನ್ 10 ಮೀಟರ್ ಅನ್ನೋಣ. ಅದರುದ್ದಕ್ಕೂ 1,000 ಮಿಲಿಡಾರ್ಸಿ, ಸುತ್ತ ಮರಳುಗಲ್ಲು 100 ಆದರೆ ಇಡೀ ಸೆಲ್‌ಗೆ ಬರಬೇಕಾದದ್ದು 136, ಸಾವಿರ ಅಲ್ಲ. ಮುಚ್ಚಿದ ಫಾಲ್ಟ್‌ಗೆ ಅಡ್ಡಲಾಗಿ 0.001 ಆದರೆ ಸೆಲ್‌ಗೆ 0.025. ನೀವು ನೇರ 0.001 ಕೊಟ್ಟಿದ್ದರೆ ಬೇಕಾದ್ದಕ್ಕಿಂತ 25 ಪಟ್ಟು ಬಿಗಿ. "ಎಲ್ಲ ಸೋರುತ್ತದೆ ಇಲ್ಲವೇ ಏನೂ ಬರುವುದಿಲ್ಲ" ಅನ್ನುವ ದೂರಿನಲ್ಲಿ ಮುಕ್ಕಾಲು ಪಾಲು ಇಷ್ಟೇ ಇರುತ್ತದೆ.

ಚಿಕ್ಕ ಫಾಲ್ಟ್‌ಗಳಿಗೆ ಶೇಲ್ ಗೌಜ್ ರೇಷಿಯೋ (ಫಾಲ್ಟ್ ಒಳಗೆ ಎಷ್ಟು ಪಾಲು ಜೇಡಿ ಸೇರಿದೆ ಎಂಬ ಅಳತೆ) ಹಾಕಿ. ಉದಾಹರಣೆಗೆ 200 ಮೀಟರ್ ಥ್ರೋ. ಆ ಬಿಂದುವನ್ನು ದಾಟಿ ಹೋದದ್ದು 150 ಮೀಟರ್ ಮರಳುಗಲ್ಲು (ಜೇಡಿ ಅಂಶ 0.12), 50 ಮೀಟರ್ ಶೇಲ್ (0.8). ಒಟ್ಟು ಜೇಡಿ 18 + 40 = 58 ಮೀಟರ್, 200ರಿಂದ ಭಾಗಿಸಿದರೆ 29%. ಫಾಲ್ಟ್‌ನ ಪ್ರವೇಶ ಒತ್ತಡ (ತೈಲ ಒಳನುಗ್ಗಲು ಬೇಕಾದ ಒತ್ತಡ) ಬಾರ್‌ನಲ್ಲಿ ಬೇಕಾದರೆ 29ನ್ನು 27ರಿಂದ ಭಾಗಿಸಿ, 0.5 ಕಳೆದು, ಬಂದದ್ದನ್ನು 10ರ ಘಾತವಾಗಿಡಿ: 3.75 ಬಾರ್. ತೈಲ ಮತ್ತು ಉಪ್ಪುನೀರಿನ ಸಾಂದ್ರತೆ ವ್ಯತ್ಯಾಸ 270 ಕೆ.ಜಿ./ಘ.ಮೀ. ಇದ್ದರೆ ಅದು ತಡೆಯಬಲ್ಲ ತೈಲದ ಎತ್ತರ ಸುಮಾರು 140 ಮೀಟರ್, ಅದೂ ಗರಿಷ್ಠ. ಆ 0.5 ಅನ್ನುವುದು 3 ಕಿ.ಮೀ.ಗಿಂತ ಕಡಿಮೆ ಹೂತ ಬಂಡೆಗೆ. 3ರಿಂದ 3.5 ಕಿ.ಮೀ.ಗೆ 0.25, ಅದಕ್ಕಿಂತ ಆಳಕ್ಕೆ ಸೊನ್ನೆ. ನಿಮ್ಮ ಹಾಳೆ 2 ಕಿ.ಮೀ.ಗಿಂತ ಹೆಚ್ಚು ಸವೆದಿದೆ, ಫಾಲ್ಟ್ ಸರಿದದ್ದು ಸವೆತಕ್ಕೆ ಮೊದಲೇ ಆಗಿದ್ದರೆ ಈಗಿನ ಆಳ ನೋಡಿ ಮೋಸ ಹೋಗಬೇಡಿ.

ಆದರೆ ನಾಗಾ ಥ್ರಸ್ಟ್‌ಗೇ ಈ ಸೂತ್ರ ಹಚ್ಚಬೇಡಿ. ಇದು ನಾರ್ಮಲ್ ಫಾಲ್ಟ್‌ಗಳ ಡೇಟಾದಿಂದ ಬಂದದ್ದು. 8 ಕಿ.ಮೀ. ಸರಿತಕ್ಕೆ ಇಡೀ ಪದರಸಾಲೇ ಸರಾಸರಿಯಾಗಿ ಎಲ್ಲ ಕಡೆ ಒಂದೇ ಅಂಕಿ ಬರುತ್ತದೆ, ಅದಕ್ಕೆ ಅರ್ಥವಿಲ್ಲ. ದೊಡ್ಡ ಥ್ರಸ್ಟ್‌ಗೆ ಕಾಲದ ಲೆಕ್ಕ ಬೇಕು: ಸರಿಯುತ್ತಿರುವ ಹಂತಗಳಲ್ಲಿ ಉದ್ದಕ್ಕೂ ತೆರೆದದ್ದು, ನಿಂತ ಮೇಲೆ ಮುಚ್ಚಿದ್ದು. ಎರಡು ಬದಿಯಲ್ಲಿ ಏನು ಎದುರುಬದುರು ಕೂತಿದೆ ಅನ್ನುವುದನ್ನು ಬೇರೆಯಾಗಿ ನೋಡಿ. ಟಿಪಾಮ್‌ಗೆ ಗಿರುಜಾನ್ ಎದುರಾದ ಕಡೆ ಯಾವ ಸೂತ್ರವೂ ಬೇಡ, ಅದು ತಡೆಯುತ್ತದೆ.

ಮತ್ತೆ, 2ಡಿ ಸೆಕ್ಷನ್‌ನಲ್ಲಿ ಪ್ರಮಾಣ ಹುಡುಕಬೇಡಿ. 1889ರಲ್ಲಿ ತೈಲ ಸಿಕ್ಕ ಡಿಗ್ಬೋಯ್ ಹ್ಯಾಂಗಿಂಗ್ ವಾಲ್‌ನ ಉದ್ದನೆಯ ಮಡಿಕೆ. ಅಂಥ ರಚನೆಗೆ ತೈಲ ಸೆಕ್ಷನ್‌ಗೆ ಅಡ್ಡಲಾಗಿ, ಮಡಿಕೆಯ ಉದ್ದಕ್ಕೂ ಹರಿದು ಬರುತ್ತದೆ. ನಿಮ್ಮ ಸೆಕ್ಷನ್‌ನಿಂದ ಯಾವಾಗ, ಎಷ್ಟು ಬಿಸಿಯಲ್ಲಿ ಅನ್ನೋದು ಸಿಗುತ್ತದೆ. ಎಷ್ಟು ಬ್ಯಾರೆಲ್ ಅನ್ನುವುದಕ್ಕೆ ಮ್ಯಾಪ್ ಬೇಕೇ ಬೇಕು.

ಕೊಪಿಲಿ_ದಂಡೆ

ಬಿಸಿಬಾವಿ ಸರ್, ನೀವು ಹೇಳಿದ್ದೇ. 300 ಮೀಟರಿಗೂ ಕಲ್ಲಿದ್ದಲು ಅಂತಲೇ ಇತ್ತು. 5% ಮಿಶ್ರಣ ಮಾಡಿ, ಹೀಟ್ ಫ್ಲೋ 40ಕ್ಕೆ ವಾಪಸ್ ಇಟ್ಟೆ. ಒಂಬತ್ತು ಪೇಲಿಯೋ-ಸೆಕ್ಷನ್, ನಾಲ್ಕು ಬ್ಲಾಕ್, ಸವೆತ 2.6 ಕಿ.ಮೀ. ಈಗ ಮೇಲಿನ ಬರೈಲ್ 0.70, ಕೆಳಗಿನದು 0.61. ಜಿಗಿತ ಸರಿಯಾದ ದಿಕ್ಕಿನಲ್ಲಿದೆ. ಸೆಕ್ಷನ್‌ನ ಆಗ್ನೇಯದಲ್ಲಿ ಫುಟ್‌ವಾಲ್ ಆಳವಾಗುವ ಕಡೆ ಬರೈಲ್ 0.9 ತನಕ ಹೋಗುತ್ತದೆ, ಅದೂ ಹಾಳೆ ಮೇಲೆ ಕೂತ ನಂತರ. ಅಂದರೆ ಮಡಿಕೆಗೆ ತೈಲ ಬರಬೇಕಾದದ್ದು ಥ್ರಸ್ಟ್ ಕೆಳಗಿನಿಂದ ಅಂತ ತಿಳಿಯಬಹುದಾ?

ಹೊಸ ತೊಂದರೆ: ಐದನೇ ಹಂತದಲ್ಲಿ ಗಿರುಜಾನ್ ಮತ್ತು ಬರೈಲ್ ಒಳಗೆ ಒಮ್ಮೆಲೇ 15 ಮೆಗಾಪಾಸ್ಕಲ್ ಹೆಚ್ಚುವರಿ ಒತ್ತಡ ಚಿಮ್ಮುತ್ತದೆ, ಆರನೇ ಹಂತಕ್ಕೆ ಮಾಯ.

ಬಿಸಿಬಾವಿ

ಹೌದು, ಆ ಓದು ಸರಿ. ಮೇಲಿನ ಹಾಳೆಯ ಬರೈಲ್ ಎದ್ದು ತಣಿದ ಕ್ಷಣಕ್ಕೆ ತೈಲ ಹುಟ್ಟಿಸುವುದನ್ನು ನಿಲ್ಲಿಸಿತು. ಆಗ ಮಡಿಕೆ ಇನ್ನೂ ಪೂರ್ತಿ ಆಗಿರಲಿಲ್ಲ. ಅದು ಮೊದಲೇ ಹುಟ್ಟಿಸಿದ ತೈಲ ಎಲ್ಲಿಗೆ ಹೋಯಿತು ಎಂಬುದಕ್ಕೆ ಮಾತ್ರ ಒಂದು ರನ್ ಬೇರೆ ಇಡಿ, ಸ್ವಲ್ಪ ಪಾಲು ಹಳೆಯ ಟ್ರ್ಯಾಪ್‌ನಿಂದ (ತೈಲ ಸಿಕ್ಕಿಕೊಂಡ ಜಾಗ) ಮರುವಲಸೆ ಬಂದಿರಬಹುದು.

ಓರೆಪದರ

ಒತ್ತಡ ಒಂದು ಹಂತದಲ್ಲಿ ಚಿಮ್ಮಿ ಮುಂದಿನದರಲ್ಲಿ ಮಾಯವಾದರೆ ಅದು ಭೂವಿಜ್ಞಾನವಲ್ಲ, ನಿಮ್ಮ ಡ್ರಾಯಿಂಗ್. ಒಂದು ಎಕ್ಸೆಲ್ ಹಾಳೆ ತೆಗೆದು ಪ್ರತಿ ಬ್ಲಾಕ್‌ನ ಪ್ರತಿ ಪದರಕ್ಕೂ, ಪ್ರತಿ ಹಂತದಲ್ಲೂ ಕ್ಷೇತ್ರಫಲವನ್ನು (1 − ರಂಧ್ರತೆ)ಯಿಂದ ಗುಣಿಸಿ ಬರೆಯಿರಿ. ಸವೆತ ಇಲ್ಲದ ಕಡೆ ಆ ಘನಭಾಗ ಬದಲಾಗಬಾರದು, 2–3% ಆಚೀಚೆ ಪರವಾಗಿಲ್ಲ. ನಾಲ್ಕನೇ ಹಂತದಲ್ಲಿ ಬರೈಲ್ 5.2 ಚ.ಕಿ.ಮೀ., ರಂಧ್ರತೆ 0.18 ಆದರೆ ಘನಭಾಗ 4.26. ಐದರಲ್ಲಿ 4.6 ಮತ್ತು 0.15 ಆದರೆ 3.91. ಎಂಟು ಶೇಕಡಾ ಬಂಡೆ ಎಲ್ಲಿಗೆ ಹೋಯಿತು? ಎಲ್ಲಿಗೂ ಇಲ್ಲ, ಸಾಫ್ಟ್‌ವೇರ್ ಅದನ್ನು ಹಠಾತ್ ಅದುಮುವಿಕೆ ಎಂದು ಓದಿ ನೀರಿನ ಮೇಲೆ ಒತ್ತಡ ಹಾಕಿತು.

ಸಾಮಾನ್ಯವಾಗಿ ಇದು ಥ್ರಸ್ಟ್ ತುದಿಯ ಸಪೂರ ಚೂರಿನಲ್ಲಿ ಆಗುತ್ತದೆ. ಗ್ರಿಡ್ ಸೆಲ್‌ಗಿಂತ ತೆಳುವಾದ ಬೆಣೆ ಒಂದು ಹಂತದಲ್ಲಿ ಸೊನ್ನೆ ದಪ್ಪವಾಗಿ, ಇನ್ನೊಂದರಲ್ಲಿ ಮತ್ತೆ ಬರುತ್ತದೆ. ಆ ಬೆಣೆಯನ್ನು ಪಕ್ಕದ ಬ್ಲಾಕ್‌ಗೆ ಸೇರಿಸಿ. ನಂತರ ನಾಲ್ಕು–ಐದರ ನಡುವೆ ಇನ್ನೊಂದು ಹಂತ ಇಟ್ಟು ಮತ್ತೆ ರನ್ ಮಾಡಿ.

ಕೊಪಿಲಿ_ದಂಡೆ

ಬೆಣೆಯೇ ಆಗಿತ್ತು, ಮೂರನೇ ಬ್ಲಾಕ್‌ನ ತುದಿಯಲ್ಲಿ 40 ಮೀಟರ್ ದಪ್ಪದ್ದು. ಸೇರಿಸಿದ ಮೇಲೆ ಬರೈಲ್ ಘನಭಾಗ 4.26, 4.21, 4.24. ಚಿಮ್ಮು 15ರಿಂದ 2 ಮೆಗಾಪಾಸ್ಕಲ್‌ಗೆ ಇಳಿದಿದೆ. 2.1 ಕಿ.ಮೀ. ಸವೆತದ ರನ್ ಈಗ ಹಾಕಿದ್ದೇನೆ.